ಬಿ.ಪಿ. ಇಳಿಯಿತೆಂದರೆ ಏನಾಯಿತು? ಕ್ಯಾನ್ಸರ್ ರೋಗಿಗಳಲ್ಲಿ ಕಡಿಮೆ ರಕ್ತದೊತ್ತಡ

ಮನೆಯಲ್ಲಿ ಯಾರಿಗಾದರೂ ತಲೆ ಸುತ್ತಿದರೆ “ಬಿ.ಪಿ. ಲೋ ಆಗಿರಬೇಕು, ನಿಂಬೆಹಣ್ಣಿನ ಪಾನಕಕ್ಕೆ ಚಿಟಿಕೆ ಉಪ್ಪು ಹಾಕಿ ಕೊಡಿ” ಎನ್ನುವ ಮಾತನ್ನು ನೀವೆಲ್ಲ ಕೇಳಿರುತ್ತೀರಿ. ಬಿಸಿಲಿನಲ್ಲಿ ಆಟವಾಡಿ ಬಂದ ಹುಡುಗನಿಗೆ ಈ ಉಪಚಾರ ಸಾಕು. ಆದರೆ ಹತ್ತು ದಿನದ ಹಿಂದೆ ಕೀಮೋಥೆರಪಿ ತೆಗೆದುಕೊಂಡು ಮನೆಗೆ ಬಂದಿರುವ ಅಜ್ಜಿಗೆ ಬಿ.ಪಿ. ಇಳಿದಿದ್ದರೆ, ಅದೇ ಪಾನಕವನ್ನು ನಂಬಿಕೊಂಡು ಬೆಳಗಿನವರೆಗೆ ಕಾಯುವುದು ಪ್ರಾಣಕ್ಕೇ ಎರವಾಗಬಹುದು. ಎರಡು ಕಡೆಯೂ ಯಂತ್ರ ತೋರಿಸುವ ಅಂಕಿ ಒಂದೇ ಇರಬಹುದು. ಆದರೆ ಅದರ ಹಿಂದೆ ನಡೆಯುತ್ತಿರುವುದು ಬೇರೆ.

ಕ್ಯಾನ್ಸರ್ ಕುರಿತ ಚರ್ಚೆ ಪ್ರಸಾರವಾದಾಗಲೆಲ್ಲ ವೀಕ್ಷಕರ ಪತ್ರಗಳಲ್ಲಿ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತದೆ. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ವೈದ್ಯರು ಎರಡು ವಾಕ್ಯ ಹೇಳಿ ಮುಂದಕ್ಕೆ ಹೋಗಬೇಕಾಗುತ್ತದೆ. ಸ್ಟುಡಿಯೋದ ಗಡಿಯಾರ ಯಾರ ಮಾತನ್ನೂ ಕೇಳುವುದಿಲ್ಲ. ಹಾಗಾಗಿ ಉಳಿದ ವಿವರವನ್ನು ಇಲ್ಲಿ ನೋಡೋಣ. ವಿದ್ಯಾರ್ಥಿಗಳಾದ ನಿಮಗೇ ಇದನ್ನು ಹೇಳುವುದಕ್ಕೆ ಕಾರಣವಿದೆ. ರೋಗಿಯ ಪಕ್ಕದಲ್ಲಿ ರಾತ್ರಿ ಕೂರುವವರು, ಥರ್ಮಾಮೀಟರ್ ನೋಡುವವರು, ಆಸ್ಪತ್ರೆಯ ಇಂಗ್ಲಿಷ್ ಚೀಟಿಯನ್ನು ಓದಿ ಹೇಳುವವರು ಎಷ್ಟೋ ಮನೆಗಳಲ್ಲಿ ನೀವೇ.

ಒತ್ತಡ ಎಂದರೇನು?

1733ರಲ್ಲಿ ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಕುದುರೆಯೊಂದನ್ನು ನೆಲಕ್ಕೆ ಕೆಡವಿ ಕಟ್ಟಿ, ಅದರ ತೊಡೆಯ ಅಪಧಮನಿಗೆ ಹಿತ್ತಾಳೆಯ ಸಣ್ಣ ಕೊಳವೆಯನ್ನು ತೂರಿಸಿ, ಅದಕ್ಕೆ ಉದ್ದನೆಯ ಗಾಜಿನ ನಳಿಗೆಯನ್ನು ಜೋಡಿಸಿದ ಪ್ರಯೋಗದ ವಿವರ ಅದರಲ್ಲಿದೆ. ರಕ್ತ ಆ ನಳಿಗೆಯಲ್ಲಿ 8 ಅಡಿ 3 ಇಂಚು ಎತ್ತರಕ್ಕೆ ಏರಿತು. ಇಂದಿನ ಮನಸ್ಸಿಗೆ ಇದು ಕ್ರೂರವಾಗಿ ಕಾಣುತ್ತದೆ, ನಿಜ. ಆದರೆ ರಕ್ತದೊತ್ತಡವನ್ನು ಕಣ್ಣಿಗೆ ಕಾಣುವ ಎತ್ತರವಾಗಿ ತೋರಿಸಿದ್ದು ಈ ಪ್ರಯೋಗ. ತೋಳಿಗೆ ಸುತ್ತುವ ಪಟ್ಟಿ ಬಂದದ್ದು 1896ರಲ್ಲಿ, ಇಟಲಿಯ ರಿವಾ ರೋಚಿ ಅವರಿಂದ. ಸ್ಟೆತಾಸ್ಕೋಪಿನಲ್ಲಿ ಶಬ್ದ ಕೇಳಿ ಮೇಲಿನ ಮತ್ತು ಕೆಳಗಿನ ಅಂಕಿಗಳನ್ನು ಗುರುತಿಸುವ ವಿಧಾನವನ್ನು 1905ರಲ್ಲಿ ರಷ್ಯಾದ ಕೊರೊಟ್ಕಾಫ್ ತಿಳಿಸಿದರು.

ಪಾದರಸ ರಕ್ತಕ್ಕಿಂತ ಸುಮಾರು 13 ಪಟ್ಟು ಭಾರ. ಆದ್ದರಿಂದ ನಿಮ್ಮ 120 ಮಿ.ಮೀ. ಪಾದರಸದ ಒತ್ತಡವನ್ನು ಹೇಲ್ಸ್ ಅವರ ನಳಿಗೆಯಲ್ಲಿ ಅಳೆದರೆ ರಕ್ತ ಸುಮಾರು ಒಂದೂವರೆ ಮೀಟರು ಏರುತ್ತದೆ. ಈ ಲೆಕ್ಕ ಸುಮ್ಮನೆ ಹೇಳಿದ್ದಲ್ಲ. ನೀವು ನಿಂತಾಗ ಮೆದುಳು ಹೃದಯಕ್ಕಿಂತ ಸುಮಾರು 30 ಸೆಂ.ಮೀ. ಮೇಲಿರುತ್ತದೆ. ಅಷ್ಟು ಎತ್ತರಕ್ಕೆ ರಕ್ತ ಏರುವಾಗ ಸುಮಾರು 23 ಮಿ.ಮೀ. ಒತ್ತಡ ಖರ್ಚಾಗಿಬಿಡುತ್ತದೆ. ಹೃದಯದ ಮಟ್ಟದಲ್ಲಿ 120 ಇದ್ದವರಿಗೆ ಈ ಖರ್ಚು ಲೆಕ್ಕಕ್ಕಿಲ್ಲ. 80 ಇದ್ದವರಿಗೆ ಮೆದುಳಿನಲ್ಲಿ ಉಳಿಯುವುದು 57 ಮಾತ್ರ. ಮಲಗಿದ್ದಾಗ ಚೆನ್ನಾಗಿದ್ದ ರೋಗಿ ಎದ್ದು ನಿಂತೊಡನೆ ಕಣ್ಣು ಕತ್ತಲೆಗಟ್ಟಿ ಕುಸಿಯುವುದು ಇದರಿಂದಲೇ.

ಸಾಮಾನ್ಯವಾಗಿ 90/60ಕ್ಕಿಂತ ಕಡಿಮೆ ಇದ್ದರೆ ಅದನ್ನು ಕಡಿಮೆ ರಕ್ತದೊತ್ತಡ ಎನ್ನುತ್ತಾರೆ. ಅಂಗಾಂಗಗಳಿಗೆ ಮುಖ್ಯವಾದದ್ದು ಸರಾಸರಿ ಒತ್ತಡ. ಮೇಲಿನ ಮತ್ತು ಕೆಳಗಿನ ಅಂಕಿಗಳ ವ್ಯತ್ಯಾಸದ ಮೂರನೆಯ ಒಂದು ಭಾಗವನ್ನು ಕೆಳಗಿನ ಅಂಕಿಗೆ ಕೂಡಿಸಿದರೆ ಅದು ಸಿಗುತ್ತದೆ. 120/80 ಇದ್ದರೆ ಸರಾಸರಿ 93, 90/60 ಇದ್ದರೆ 70, 80/50 ಇದ್ದರೆ 60. ತೀವ್ರ ನಿಗಾ ಘಟಕದ ವೈದ್ಯರು ಈ ಸರಾಸರಿ 65ಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಲು ಹೆಣಗುತ್ತಾರೆ. ಅದಕ್ಕೂ ಕೆಳಗೆ ಹೋದರೆ ಮೂತ್ರಪಿಂಡ, ಮೆದುಳು, ಹೃದಯಗಳಿಗೆ ರಕ್ತ ಸಾಲದೆ ಬರುತ್ತದೆ. ಆದರೆ ಹುಟ್ಟಿದಂದಿನಿಂದ 95/60 ಇರುವ, ಆರೋಗ್ಯವಾಗಿ ಓಡಾಡಿಕೊಂಡಿರುವ ಹೆಣ್ಣುಮಕ್ಕಳು ನಿಮ್ಮ ತರಗತಿಯಲ್ಲೇ ಇರಬಹುದು. ಯಾವಾಗಲೂ 150 ಇರುತ್ತಿದ್ದವರಿಗೆ 105 ಆದರೆ ಅದೇ ದೊಡ್ಡ ಕುಸಿತ. ಅಂಕಿಯನ್ನು ಆ ವ್ಯಕ್ತಿಯ ಹಿಂದಿನ ಅಂಕಿಯ ಜೊತೆಗಿಟ್ಟು ನೋಡಬೇಕು.

ಸಂಪು, ಮೋಟಾರು, ನಲ್ಲಿಗಳು

ನಿಮ್ಮ ಮನೆಯ ಮಹಡಿಯ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದೆ ಎಂದುಕೊಳ್ಳಿ. ಸಂಪಿನಲ್ಲಿ ನೀರು ಕಡಿಮೆಯಾಗಿರಬಹುದು, ಮೋಟಾರಿನ ಶಕ್ತಿ ಕುಗ್ಗಿರಬಹುದು, ಇಲ್ಲವೇ ಮನೆಯ ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ಯಾರೋ ತಿರುಗಿಸಿಟ್ಟಿರಬಹುದು. ದೇಹದಲ್ಲಿಯೂ ಹೀಗೆಯೇ: ರಕ್ತದ ಪ್ರಮಾಣ, ಹೃದಯದ ಬಲ, ರಕ್ತನಾಳಗಳ ಬಿಗಿ. ಈ ಮೂರರಲ್ಲಿ ಯಾವುದು ಕೆಟ್ಟರೂ ಒತ್ತಡ ಇಳಿಯುತ್ತದೆ. ಕ್ಯಾನ್ಸರಿನ ವಿಶೇಷವೆಂದರೆ ಅದು, ಹಾಗೂ ಅದರ ಚಿಕಿತ್ಸೆ, ಈ ಮೂರನ್ನೂ ಕೆಡಿಸಬಲ್ಲದು. ಕೆಲವು ಸಲ ಒಟ್ಟಿಗೇ.

ಎಲ್ಲಕ್ಕಿಂತ ಸಾಮಾನ್ಯವಾದದ್ದು ಸಂಪು ಬರಿದಾಗುವುದು. ಕೀಮೋಥೆರಪಿಯ ನಂತರ ವಾಂತಿ, ಭೇದಿ, ಬಾಯಿಹುಣ್ಣು, ಊಟ ಸೇರದಿರುವುದು ಎಲ್ಲವೂ ಸೇರಿ ದೇಹದ ನೀರು ಮತ್ತು ಲವಣ ಕಡಿಮೆಯಾಗುತ್ತವೆ. ಜಠರ ಅಥವಾ ಕರುಳಿನ ಗೆಡ್ಡೆಯಿಂದ ರಕ್ತ ಒಸರುತ್ತಿದ್ದರೆ ಮಲ ಡಾಂಬರಿನಂತೆ ಕಪ್ಪಗಾಗುತ್ತದೆ. ಮನೆಯವರು ಇದನ್ನು ಹೇಳಲು ಸಂಕೋಚಪಡುತ್ತಾರೆ, ಸಂಕೋಚಪಡಬಾರದು. ಇನ್ನು ಕೆಲವರಿಗೆ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತದೆ. ದೇಹದಲ್ಲಿ ನೀರಿದೆ, ಆದರೆ ರಕ್ತನಾಳದ ಒಳಗಿಲ್ಲ.

ಇಂಥ ಕೊರತೆಯನ್ನು ಕಂಡುಹಿಡಿಯುವ ಉಪಾಯ ಸುಲಭವಾದದ್ದು. ರೋಗಿ ಐದು ನಿಮಿಷ ಮಲಗಿದ್ದಾಗ ಬಿ.ಪಿ. ನೋಡಬೇಕು, ಎಬ್ಬಿಸಿ ನಿಲ್ಲಿಸಿ ಮೂರು ನಿಮಿಷದೊಳಗೆ ಮತ್ತೆ ನೋಡಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ಗಮನಿಸಬೇಕಾದ ಕುಸಿತ. ನಿಲ್ಲಿಸುವಾಗ ಪಕ್ಕದಲ್ಲಿ ಹಿಡಿದುಕೊಳ್ಳಲು ಒಬ್ಬರು ಇರಲೇಬೇಕು. ಆರೋಗ್ಯವಂತರಾದ ನೀವು ಎದ್ದು ನಿಂತಾಗಲೂ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲುಗಳತ್ತ ಜಾರುತ್ತದೆ. ಕುತ್ತಿಗೆಯ ಅಪಧಮನಿಯಲ್ಲಿರುವ ಒತ್ತಡಗ್ರಾಹಕಗಳು ಕ್ಷಣಾರ್ಧದಲ್ಲಿ ಇದನ್ನು ಗುರುತಿಸಿ ನಾಡಿಯನ್ನು ವೇಗಗೊಳಿಸುತ್ತವೆ, ರಕ್ತನಾಳಗಳನ್ನು ಬಿಗಿಗೊಳಿಸುತ್ತವೆ. ಮಲಗಿದ್ದಾಗ ನಿಮ್ಮ ನಾಡಿಯನ್ನು ಎಣಿಸಿ, ಎದ್ದು ನಿಂತು ಮತ್ತೆ ಎಣಿಸಿ ನೋಡಿ. ವ್ಯತ್ಯಾಸ ನಿಮಗೇ ತಿಳಿಯುತ್ತದೆ.

ಈ ನರಜಾಲವೇ ಮಂಕಾದರೆ? ವಿನ್‌ಕ್ರಿಸ್ಟಿನ್ ಎಂಬ ಔಷಧದಿಂದ ಹಾಗಾಗುವುದುಂಟು. ನಮ್ಮ ಅಂಗಳಗಳಲ್ಲಿ ವರ್ಷವಿಡೀ ಹೂ ಬಿಡುವ ನಿತ್ಯಪುಷ್ಪ ಗಿಡದಿಂದ ಬಂದ ಔಷಧ ಇದು. ಮಕ್ಕಳ ರಕ್ತದ ಕ್ಯಾನ್ಸರಿಗೆ ಇಂದಿಗೂ ಇದು ಬೇಕೇ ಬೇಕು.

ಇಲ್ಲಿಯೇ ಇನ್ನೊಂದು ವಿಷಯ. ಹತ್ತು ವರ್ಷದಿಂದ ಬಿ.ಪಿ. ಮಾತ್ರೆ ನುಂಗುತ್ತಿರುವ ಅಜ್ಜ ಇದ್ದಾರೆ ಎಂದುಕೊಳ್ಳಿ. ಕ್ಯಾನ್ಸರ್ ಬಂದ ಮೇಲೆ 70 ಕೆ.ಜಿ. ಇದ್ದವರು 55ಕ್ಕೆ ಇಳಿದಿದ್ದಾರೆ, ಊಟ ಅರ್ಧವಾಗಿದೆ. ಮಾತ್ರೆ ಮಾತ್ರ ಹಳೆಯದೇ, ಪ್ರಮಾಣವೂ ಹಳೆಯದೇ. ಕ್ಯಾನ್ಸರ್ ತಜ್ಞರು ಬೇರೆ, ಬಿ.ಪಿ. ಮಾತ್ರೆ ಬರೆದುಕೊಟ್ಟ ವೈದ್ಯರು ಬೇರೆ. ಇವರಿಗೆ ಅವರ ಚೀಟಿ ಗೊತ್ತಿಲ್ಲ, ಅವರಿಗೆ ಇವರ ಚೀಟಿ ಗೊತ್ತಿಲ್ಲ. ಇದರಿಂದ ಬಿ.ಪಿ. ಇಳಿದು ಬಚ್ಚಲುಮನೆಯಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುವವರು ಉಂಟು. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯಿರಿ.

ಅತ್ಯಂತ ಅಪಾಯದ ಇಳಿತ

ಈಗ ಹೇಳುವುದನ್ನು ದಯವಿಟ್ಟು ಎರಡು ಸಲ ಓದಿ.

ನಮ್ಮ ಅಸ್ಥಿಮಜ್ಜೆಯು ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ತಯಾರಿಸುತ್ತದೆ. ಬ್ಯಾಕ್ಟೀರಿಯಗಳನ್ನು ನುಂಗುವುದು ಇವುಗಳ ಕೆಲಸ. ಇವು ಅಲ್ಪಾಯುಷಿಗಳು. ಕೀಮೋಥೆರಪಿಯ ಔಷಧಗಳಲ್ಲಿ ಹೆಚ್ಚಿನವು ವೇಗವಾಗಿ ವಿಭಜಿಸುವ ಜೀವಕೋಶಗಳನ್ನು ಕೊಲ್ಲುತ್ತವೆ. ಕ್ಯಾನ್ಸರ್ ಕೋಶದ ಜೊತೆಗೆ ಮಜ್ಜೆಯ ಕೋಶಗಳೂ ಹೊಡೆತ ತಿನ್ನುತ್ತವೆ. ಹೊಸ ನ್ಯೂಟ್ರೋಫಿಲ್‌ಗಳು ಬರುವುದಿಲ್ಲ, ಹಳೆಯವು ಮುಗಿದುಹೋಗುತ್ತವೆ. ಸಾಮಾನ್ಯವಾಗಿ ಔಷಧ ಕೊಟ್ಟ 7ರಿಂದ 14 ದಿನಗಳ ನಡುವೆ ಇವುಗಳ ಸಂಖ್ಯೆ ಅತಿ ಕಡಿಮೆಯಾಗುತ್ತದೆ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಾವಿರಗಟ್ಟಲೆ ಇರಬೇಕಾದವು 500ಕ್ಕಿಂತ ಕೆಳಗಿಳಿದರೆ, ಕರುಳಿನಲ್ಲಿ ಸುಮ್ಮನೆ ವಾಸವಾಗಿದ್ದ ಬ್ಯಾಕ್ಟೀರಿಯವೇ ರಕ್ತಕ್ಕೆ ನುಗ್ಗಬಹುದು.

ಕೀವು ಎಂದರೆ ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳೇ. ನ್ಯೂಟ್ರೋಫಿಲ್ ಇಲ್ಲದವರಲ್ಲಿ ಕೀವು ಆಗುವುದಿಲ್ಲ, ಊತ, ಕೆಂಪು ಹೆಚ್ಚು ಕಾಣುವುದಿಲ್ಲ. ಸೋಂಕು ಒಳಗೇ ಹರಡುತ್ತಿದ್ದರೂ ಹೊರಗೆ ಕಾಣುವ ಗುರುತು ಜ್ವರ ಒಂದೇ ಇರಬಹುದು. ಆ ಒಂದು ಗುರುತನ್ನೂ ನಾವು ಪ್ಯಾರಾಸಿಟಮಾಲ್ ಕೊಟ್ಟು ಅಳಿಸಿಬಿಡುತ್ತೇವೆ! ಬಾಯಿಯಲ್ಲಿ ನೋಡಿದ ಜ್ವರ ಒಮ್ಮೆ 101 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಅಥವಾ 100.4 ಡಿಗ್ರಿ ಒಂದು ಗಂಟೆ ನಿಂತರೆ, ಇಂಥ ರೋಗಿಯನ್ನು ರಾತ್ರಿ ಎಷ್ಟು ಹೊತ್ತಾಗಿದ್ದರೂ ಆಸ್ಪತ್ರೆಗೆ ಕರೆದೊಯ್ಯಬೇಕು. ಜ್ವರ ಬರದೆ ಬರೀ ಚಳಿ, ನಡುಕ ಬಂದು ಬಿ.ಪಿ. ಇಳಿದರೂ ಅಷ್ಟೇ.

ರಕ್ತಕ್ಕೆ ಬ್ಯಾಕ್ಟೀರಿಯ ಸೇರಿದಾಗ ಒತ್ತಡ ಇಳಿಯುವುದೇಕೆ? ದೇಹ ತನ್ನ ರಕ್ಷಣೆಗಾಗಿ ಹೊರಡಿಸುವ ರಾಸಾಯನಿಕ ಸಂದೇಶಗಳು ರಕ್ತನಾಳಗಳ ಗೋಡೆಯಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ವಿಪರೀತವಾಗಿ ಉತ್ಪಾದಿಸುವಂತೆ ಮಾಡುತ್ತವೆ. ರಕ್ತನಾಳಗಳನ್ನು ಸಡಿಲಗೊಳಿಸುವ ಈ ಅನಿಲದ ಪಾತ್ರವನ್ನು ಕಂಡುಕೊಂಡ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾಡ್ ಅವರಿಗೆ 1998ರ ನೊಬೆಲ್ ಬಂತು. ಮನೆಯ ನಲ್ಲಿಗಳೆಲ್ಲ ಒಟ್ಟಿಗೆ ತೆರೆದುಕೊಂಡಂತೆ ನಾಳಗಳೆಲ್ಲ ಹಿಗ್ಗುತ್ತವೆ. ಜೊತೆಗೆ ಲೋಮನಾಳಗಳ ಗೋಡೆ ಜಾಳಾಗಿ ರಕ್ತದ ದ್ರವ ಹೊರಗೆ ಸೋರುತ್ತದೆ. ಆರಂಭದಲ್ಲಿ ರೋಗಿಯ ಕೈಕಾಲು ಬೆಚ್ಚಗೇ ಇರುವುದುಂಟು. “ಕೈ ಬೆಚ್ಚಗಿದೆ, ಏನಾಗಿಲ್ಲ ಬಿಡಿ” ಎಂದು ಮನೆಯವರು ಮೋಸಹೋಗುವುದು ಇಲ್ಲಿಯೇ. ಉಸಿರಿನ ವೇಗ, ನಾಡಿಯ ವೇಗ, ಮಾತಿನಲ್ಲಿ ತಡವರಿಕೆ, ಇವು ಬಿ.ಪಿ. ಇಳಿಯುವ ಮೊದಲೇ ಸುಳಿವು ಕೊಡುತ್ತವೆ.

ಆಸ್ಪತ್ರೆ ಸೇರಿದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ರಕ್ತಕ್ಕೆ ಸೇರಬೇಕು ಎಂಬುದು ವೈದ್ಯರ ನಿಯಮ. ಮೊದಲ ಮೂರು ಗಂಟೆಯಲ್ಲಿ ದೇಹತೂಕದ ಪ್ರತಿ ಕೆ.ಜಿ.ಗೆ 30 ಮಿ.ಲೀ. ಲೆಕ್ಕದಲ್ಲಿ ದ್ರವ ಕೊಡುತ್ತಾರೆ, 50 ಕೆ.ಜಿ.ಯವರಿಗೆ ಒಂದೂವರೆ ಲೀಟರು. ಅದಕ್ಕೂ ಒತ್ತಡ ಏರದಿದ್ದರೆ ನಾಳಗಳನ್ನು ಬಿಗಿಗೊಳಿಸುವ ನಾರ್‌ಅಡ್ರಿನಲಿನ್ ಹನಿಸುತ್ತಾರೆ. ಲೋಟದ ಪಾನಕದಿಂದ ಈ ಕೆಲಸ ಆಗದು ಎಂಬುದು ಈಗ ಸ್ಪಷ್ಟವಾಯಿತಲ್ಲ?

ಬ್ಯಾಕ್ಟೀರಿಯ ಇಲ್ಲದೆಯೂ ಇದೇ ಬಿರುಗಾಳಿ ಏಳಬಹುದು. 2012ರಲ್ಲಿ ಅಮೆರಿಕದ ಫಿಲಡೆಲ್ಫಿಯ ಮಕ್ಕಳ ಆಸ್ಪತ್ರೆಯಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಬಾಲಕಿಗೆ ಆಕೆಯದೇ ಟಿ ಕೋಶಗಳನ್ನು ಹೊರತೆಗೆದು, ಲುಕೇಮಿಯವನ್ನು ಗುರುತಿಸುವಂತೆ ಮಾರ್ಪಡಿಸಿ ಮರಳಿ ಕೊಟ್ಟರು. ಈ ಚಿಕಿತ್ಸೆಗೆ ಕಾರ್-ಟಿ ಎಂದು ಹೆಸರು. ಕೋಶಗಳು ಕೆಲಸ ಮಾಡಿದವು, ಆದರೆ ಅವು ಎಬ್ಬಿಸಿದ ಸಂದೇಶಗಳ ಮಹಾಪೂರದಲ್ಲಿ ಜ್ವರ ಏರಿತು, ಬಿ.ಪಿ. ಕುಸಿಯಿತು, ಉಸಿರಾಟಕ್ಕೆ ಯಂತ್ರ ಬೇಕಾಯಿತು. ರಕ್ತಪರೀಕ್ಷೆಯಲ್ಲಿ ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಸ್ತು ಅತಿಯಾಗಿರುವುದು ಕಂಡಿತು. ಸಂಶೋಧಕ ಕಾರ್ಲ್ ಜೂನ್ ಅವರ ಮಗಳಿಗೆ ಬಾಲ್ಯದ ಸಂಧಿವಾತ ಇತ್ತು. ಹಾಗಾಗಿ ಇಂಟರ್‌ಲ್ಯೂಕಿನ್-6ರ ಕೆಲಸವನ್ನು ತಡೆಯುವ ಟೋಸಿಲಿಜುಮಾಬ್ ಎಂಬ ಸಂಧಿವಾತದ ಔಷಧ ಅವರಿಗೆ ಗೊತ್ತಿತ್ತು. ಅದನ್ನು ಕೊಟ್ಟ ಮೇಲೆ ಎಮಿಲಿ ಬೇಗನೆ ಚೇತರಿಸಿಕೊಂಡಳು, ಕ್ಯಾನ್ಸರಿನಿಂದಲೂ ಪಾರಾದಳು. ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಸೇರಿ ರೂಪಿಸಿದ ಭಾರತದ ಮೊದಲ ಕಾರ್-ಟಿ ಚಿಕಿತ್ಸೆಗೆ 2023ರಲ್ಲಿ ಅನುಮತಿ ದೊರೆಯಿತು. ಒಬ್ಬ ತಂದೆಗೆ ಮಗಳ ಕಾಯಿಲೆಯಿಂದ ಗೊತ್ತಾಗಿದ್ದ ಔಷಧವು ಇಂದು ಈ ಚಿಕಿತ್ಸೆ ನಡೆಯುವ ಆಸ್ಪತ್ರೆಗಳಲ್ಲಿ ಸಿದ್ಧವಾಗಿ ಇರುತ್ತದೆ.

ಒಂದು ಪುಟ್ಟ ಗ್ರಂಥಿ, ಒಂದು ಚೀಲ, ಒಂದು ಹೆಪ್ಪು

ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಇದು ಇಲ್ಲದಿದ್ದರೆ ರಕ್ತನಾಳಗಳು ಬಿಗಿಗೊಳ್ಳುವ ಆಜ್ಞೆಗೆ ಸರಿಯಾಗಿ ಕಿವಿಗೊಡುವುದಿಲ್ಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಪ್ರೆಡ್ನಿಸೋಲೋನ್, ಡೆಕ್ಸಾಮೆಥಸೋನ್ ಮುಂತಾದ ಸ್ಟಿರಾಯ್ಡ್‌ಗಳನ್ನು ಧಾರಾಳವಾಗಿ ಬಳಸುತ್ತಾರೆ. ಹೊರಗಿನಿಂದ ವಾರಗಟ್ಟಲೆ ಬಂದರೆ ಗ್ರಂಥಿ ತನ್ನ ಕೆಲಸ ನಿಲ್ಲಿಸಿ ಮಲಗಿಬಿಡುತ್ತದೆ. “ಸ್ಟಿರಾಯ್ಡ್ ಕೆಟ್ಟದ್ದಂತೆ” ಎಂದು ಯಾರೋ ಹೇಳಿದ್ದನ್ನು ಕೇಳಿ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ, ಎಚ್ಚರಗೊಳ್ಳಲು ಸಮಯವೇ ಸಿಗದ ಗ್ರಂಥಿಯಿಂದಾಗಿ ಬಿ.ಪಿ. ಧಡಕ್ಕನೆ ಕುಸಿಯಬಹುದು. ಅದಕ್ಕೇ ವೈದ್ಯರು ಪ್ರಮಾಣವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ. 2011ರಲ್ಲಿ ಅನುಮತಿ ಪಡೆದ ಇಪಿಲಿಮುಮಾಬ್‌ನಿಂದ ಆರಂಭವಾದ ಹೊಸ ಬಗೆಯ ರೋಗನಿರೋಧಕ ಔಷಧಗಳು ಕೆಲವರಲ್ಲಿ ಪಿಟ್ಯುಟರಿ ಗ್ರಂಥಿಯನ್ನೇ ಕೆರಳಿಸಿ ಇದೇ ತೊಂದರೆ ತರುತ್ತವೆ. ವಾರಗಟ್ಟಲೆ ವಿಪರೀತ ಸುಸ್ತು, ತಲೆನೋವು, ಇಳಿದ ಬಿ.ಪಿ. ಇದ್ದರೆ ಒಂದು ಕಾರ್ಟಿಸಾಲ್ ಪರೀಕ್ಷೆ ದಾರಿ ತೋರಿಸುತ್ತದೆ.

ಇನ್ನು ಮೋಟಾರಿನ ಮಾತು. ಡಾಕ್ಸೊರುಬಿಸಿನ್ ಎಂಬ ಕೆಂಪು ಬಣ್ಣದ ಔಷಧ ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಹುದು. ಆದ್ದರಿಂದ ಜೀವಮಾನದಲ್ಲಿ ಇಷ್ಟೇ ಎಂದು ಅದಕ್ಕೆ ಮಿತಿ ಹಾಕಿದ್ದಾರೆ, ಆಗಾಗ ಎಕೋ ಪರೀಕ್ಷೆ ಮಾಡಿಸುತ್ತಾರೆ. ಶ್ವಾಸಕೋಶ, ಸ್ತನದ ಕ್ಯಾನ್ಸರುಗಳು ಹೃದಯವನ್ನು ಸುತ್ತುವರಿದ ಚೀಲಕ್ಕೆ ಹರಡಿದರೆ ಅಲ್ಲಿ ದ್ರವ ತುಂಬಿ ಹೃದಯವನ್ನು ಹಿಸುಕುತ್ತದೆ. ಬಲವಿದ್ದರೂ ಹಿಗ್ಗಲು ಜಾಗವಿಲ್ಲದ ಹೃದಯ ರಕ್ತ ತುಂಬಿಕೊಳ್ಳಲಾರದು. ಕುತ್ತಿಗೆಯ ರಕ್ತನಾಳಗಳು ಉಬ್ಬುತ್ತವೆ, ಬಿ.ಪಿ. ಇಳಿಯುತ್ತದೆ. ಸೂಜಿ ಹಾಕಿ ದ್ರವ ತೆಗೆದರೆ ಕೆಲವೇ ನಿಮಿಷಗಳಲ್ಲಿ ಒತ್ತಡ ಏರುವುದನ್ನು ಕಣ್ಣಾರೆ ಕಾಣಬಹುದು.

ಕ್ಯಾನ್ಸರ್ ಇರುವವರ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಇದನ್ನು 1865ರಲ್ಲಿ ಪ್ಯಾರಿಸಿನ ವೈದ್ಯ ಆರ್ಮಾಂಡ್ ಟ್ರೂಸೋ ವಿವರಿಸಿದರು. ಅದೇ ಲಕ್ಷಣವನ್ನು ತಮ್ಮ ದೇಹದಲ್ಲೇ ಕಂಡು, ತಮಗೆ ಬಂದಿರುವುದೇನೆಂದು ತಿಳಿದುಕೊಂಡ ಅವರು 1867ರಲ್ಲಿ ಕ್ಯಾನ್ಸರಿನಿಂದಲೇ ತೀರಿಕೊಂಡರು. ಕಾಲಿನ ಹೆಪ್ಪು ಕಳಚಿ ಶ್ವಾಸಕೋಶದ ನಾಳವನ್ನು ಮುಚ್ಚಿದರೆ ಏಕಾಏಕಿ ಉಬ್ಬಸ ಬಂದು ಬಿ.ಪಿ. ಬೀಳುತ್ತದೆ. ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ, ವೈದ್ಯರಿಗೆ ತೋರಿಸಿ.

ಔಷಧ ಹನಿಸುವಾಗಲೇ ಬಿ.ಪಿ. ಇಳಿಯುವುದೂ ಇದೆ. ಪ್ಯಾಕ್ಲಿಟ್ಯಾಕ್ಸೆಲ್, ರಿಟುಕ್ಸಿಮಾಬ್ ಇದಕ್ಕೆ ಹೆಸರಾದವು. ಅಲ್ಲಿ ದಾದಿಯರು ಪಕ್ಕದಲ್ಲೇ ಇರುತ್ತಾರೆ, ಮುಂಚಿತವಾಗಿ ಔಷಧ ಕೊಟ್ಟಿರುತ್ತಾರೆ. ರೋಗಿಗೆ ಎದೆ ಬಿಗಿತ, ಮುಖ ಕೆಂಪಾಗುವುದು, ತುರಿಕೆ ಕಂಡರೆ ಮುಜುಗರಪಡದೆ ತಕ್ಷಣ ಕೂಗಿ ಹೇಳಿ.

ಹೇಳಲೇಬೇಕಾದ ಮಾತೊಂದಿದೆ. ಚಿಕಿತ್ಸೆಗೆ ಬಗ್ಗದ ಕ್ಯಾನ್ಸರಿನ ಕೊನೆಯ ದಿನಗಳಲ್ಲಿಯೂ ಬಿ.ಪಿ. ಇಳಿಯುತ್ತದೆ. ಅದು ದೇಹ ತನ್ನ ಕೆಲಸಗಳನ್ನು ಒಂದೊಂದಾಗಿ ನಿಲ್ಲಿಸುವ ಕ್ರಮ. ಆಗ ಉಪಶಾಮಕ ಚಿಕಿತ್ಸೆಯ ವೈದ್ಯರು ಗಂಟೆಗೊಮ್ಮೆ ತೋಳಿಗೆ ಪಟ್ಟಿ ಸುತ್ತುವುದನ್ನು ಬೇಡವೆನ್ನಬಹುದು. ಇದನ್ನು ಉಪೇಕ್ಷೆ ಎಂದು ತಿಳಿಯಬೇಡಿ. ನೋವು ಇಲ್ಲದಂತೆ, ಬಾಯಿ ಒಣಗದಂತೆ ನೋಡಿಕೊಂಡು ಕೈ ಹಿಡಿದು ಕೂರುವ ಹೊತ್ತು ಅದು. ಆದರೆ ಇದು ಯಾವ ಘಟ್ಟ ಎಂದು ತೀರ್ಮಾನಿಸುವುದು ವೈದ್ಯರು, ನೆರೆಹೊರೆಯವರಲ್ಲ.

ಮನೆಯಲ್ಲಿ ಬ್ಯಾಟರಿಯ ಬಿ.ಪಿ. ಯಂತ್ರ ಇದ್ದರೆ ರೋಗಿ ಐದು ನಿಮಿಷ ಸುಮ್ಮನೆ ಕುಳಿತ ಮೇಲೆ, ತೋಳು ಹೃದಯದ ಮಟ್ಟದಲ್ಲಿರುವಂತೆ ಇಟ್ಟು ನೋಡಿ. ಸ್ತನದ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದರೆ ಇನ್ನೊಂದು ಕಡೆಯ ತೋಳನ್ನು ಬಳಸಿ. ತೋಳು ತೀರ ಸಣ್ಣಗಾಗಿದ್ದರೆ ದೊಡ್ಡ ಪಟ್ಟಿ ನಿಜಕ್ಕಿಂತ ಕಡಿಮೆ ಅಂಕಿ ತೋರಿಸುತ್ತದೆ. ಅಂಕಿ ಕಡಿಮೆ ಬಂದರೆ ಮೊದಲು ರೋಗಿಯನ್ನು ಮಲಗಿಸಿ. ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಕಾಲುಗಳನ್ನು ದಿಂಬಿನ ಮೇಲಿಡಿ. ಮಂಪರಿನಲ್ಲಿದ್ದವರ ಬಾಯಿಗೆ ಏನನ್ನೂ ಹಾಕಬೇಡಿ. ಎಳನೀರನ್ನು ಎಲ್ಲರಿಗೂ ಒಳ್ಳೆಯದೆಂದು ಕೊಡುತ್ತೇವೆ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಮೂತ್ರಪಿಂಡ ಕೆಟ್ಟಿರುವವರಿಗೆ ಅದು ಆಗದು.

ಆಮೇಲೆ ಆಸ್ಪತ್ರೆಗೆ ಫೋನ್ ಮಾಡಿ. 108 ಆಂಬುಲೆನ್ಸಿನ ಸಂಖ್ಯೆ ನಿಮಗೆ ಗೊತ್ತೇ ಇದೆ. “ಬಿ.ಪಿ. ಲೋ ಆಗಿದೆ” ಎಂದಷ್ಟೇ ಹೇಳಿದರೆ ಆ ಕಡೆಯ ವೈದ್ಯರಿಗೆ ಹೆಚ್ಚೇನೂ ತಿಳಿಯುವುದಿಲ್ಲ. ಕೊನೆಯ ಕೀಮೋ ಯಾವ ದಿನ ಆಯಿತು, ಈಗ ಜ್ವರ ಎಷ್ಟು, ಮೊದಲು ಬಿ.ಪಿ. ಎಷ್ಟಿರುತ್ತಿತ್ತು, ಸ್ಟಿರಾಯ್ಡ್ ನಡೆಯುತ್ತಿದೆಯೇ, ನಿಂತಿದೆಯೇ, ಮತ್ತು ಕೊನೆಯ ಸಲ ಮೂತ್ರ ಎಷ್ಟು ಹೊತ್ತಿಗೆ ಆಯಿತು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಹೇಳಿ. ಬೆಳಿಗ್ಗೆಯಿಂದ ಮೂತ್ರವೇ ಆಗಿಲ್ಲ ಎಂಬ ಒಂದು ಮಾತು ಯಂತ್ರದ ಅಂಕಿಗಿಂತ ಬೇಗ ವೈದ್ಯರನ್ನು ಕುರ್ಚಿಯಿಂದ ಎಬ್ಬಿಸುತ್ತದೆ.